ದೆಹಲಿಗಿಂತ ವಾಸಿ ಎಂಬ ನೆಮ್ಮದಿ ಹೃದಯಕ್ಕೆ ಸಾಲದು

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಹೊಗೆ ಮುಸುಕಿದ ದೆಹಲಿಯ ಚಿತ್ರಗಳು ಪತ್ರಿಕೆಗಳ ಮುಖಪುಟಕ್ಕೆ ಬರುವುದು ಈಗ ವಾಡಿಕೆಯಾಗಿದೆ. ಅದೇ ವಾರ ಬೆಂಗಳೂರಿನ ವಾಯು ಗುಣಮಟ್ಟ ಸೂಚ್ಯಂಕ ನೂರರ ಆಸುಪಾಸಿನಲ್ಲಿರುವುದನ್ನು ಕಂಡ ಓದುಗರು, ‘ಸದ್ಯ, ನಮ್ಮೂರು ಅಷ್ಟು ಕೆಟ್ಟಿಲ್ಲ’ ಎಂದುಕೊಂಡು ಪುಟ ಮಗುಚುತ್ತಾರೆ. ಈ ನೆಮ್ಮದಿ ಶ್ವಾಸಕೋಶದ ಮಟ್ಟಿಗೇ ಪೂರ್ತಿ ಸರಿಯಲ್ಲ, ಹೃದಯದ ಮಟ್ಟಿಗಂತೂ ಅದಕ್ಕೆ ಆಧಾರವೇ ಇಲ್ಲ ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ವಾಯುಮಾಲಿನ್ಯವೆಂದರೆ ಕೆಮ್ಮು, ದಮ್ಮು, ಅಲರ್ಜಿ ಎಂದಷ್ಟೇ ಲೆಕ್ಕ ಹಾಕುವ ಅಭ್ಯಾಸ ಜನರಲ್ಲಿಯೂ ಇದೆ, ಆಡಳಿತದಲ್ಲಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹೊರಗಿನ ಗಾಳಿಯ ಮಾಲಿನ್ಯದಿಂದ 2019ರಲ್ಲಿ ಜಗತ್ತಿನಾದ್ಯಂತ ಸಂಭವಿಸಿದವೆಂದು ಅದು ಅಂದಾಜಿಸಿರುವ ಸುಮಾರು 42 ಲಕ್ಷ ಅಕಾಲಿಕ ಸಾವುಗಳಲ್ಲಿ ಶೇ 68ರಷ್ಟು ಹೃದಯದ ರಕ್ತನಾಳಗಳ ಕಾಯಿಲೆ ಮತ್ತು ಪಾರ್ಶ್ವವಾಯುವಿನಿಂದ ಆದಂಥವು. ಶ್ವಾಸಕೋಶದ ಕ್ಯಾನ್ಸರಿನ ಪಾಲು ಶೇ 4 ಮಾತ್ರ.

ಗಾಳಿಯಲ್ಲಿರುವ ಕಣ ಹೃದಯವನ್ನು ಮುಟ್ಟುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಪಿಎಂ 2.5 ಎಂದು ಕರೆಯುವ ಕಣಗಳ ಅಡ್ಡಳತೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟು. ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಇವನ್ನು ಪೂರ್ತಿ ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿದ ಕಣಗಳು ಅಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ; ಆ ಉರಿಯೂತದ ರಾಸಾಯನಿಕಗಳು ರಕ್ತದ ಮೂಲಕ ಮೈಯೆಲ್ಲ ಹರಿಯುತ್ತವೆ. ರಕ್ತನಾಳಗಳ ಒಳಪದರ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ, ಹೃದಯ ಬಡಿತದ ಲಯವನ್ನು ಹಿಡಿತದಲ್ಲಿಡುವ ನರಗಳ ಸಮತೋಲನ ಏರುಪೇರಾಗುತ್ತದೆ, ರಕ್ತದೊತ್ತಡ ಏರುತ್ತದೆ. ಇನ್ನೂ ಸಣ್ಣ ಕಣಗಳು ನೇರವಾಗಿ ರಕ್ತಕ್ಕೇ ಸೇರುತ್ತವೆ. ಎಡಿನ್‌ಬರೊ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಸ್ವಯಂಸೇವಕರಿಗೆ ಅಪಾಯವಿಲ್ಲದ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಉಸಿರಾಡಿಸಿ ಅವುಗಳ ಜಾಡು ಹಿಡಿದು, 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಓದಬೇಕಾದದ್ದು. ಆ ಚಿನ್ನ ಅವರ ರಕ್ತದಲ್ಲಿ ಸಿಕ್ಕಿತು, ಮೂರು ತಿಂಗಳ ನಂತರವೂ ಮೂತ್ರದಲ್ಲಿ ಸಿಕ್ಕಿತು. ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳಲ್ಲಿ ನಾಳವನ್ನು ಕಟ್ಟಿದ್ದ ಕೊಬ್ಬಿನ ಗಡ್ಡೆಯೊಳಗೂ ಅದು ಸಿಕ್ಕಿತು. ಎಲ್ಲಿ ನಾಳ ಆಗಲೇ ಹಾಳಾಗಿದೆಯೋ ಕಣಗಳು ಅಲ್ಲಿಯೇ ಹೋಗಿ ನಿಲ್ಲುತ್ತವೆ ಎಂಬುದು ನನ್ನ ಮಟ್ಟಿಗೆ ಅತ್ಯಂತ ಕಳವಳದ ಸಂಗತಿ.

ಪರಿಣಾಮ ಕಾಣಲು ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಜರ್ಮನಿಯ ಆಗ್ಸ್‌ಬರ್ಗ್ ಪ್ರದೇಶದಲ್ಲಿ ಹೃದಯಾಘಾತದಿಂದ ಬದುಕುಳಿದ 691 ಮಂದಿಯನ್ನು, ಆಘಾತಕ್ಕೆ ಮುಂಚಿನ ದಿನಗಳಲ್ಲಿ ಗಂಟೆಗಂಟೆಗೂ ಅವರು ಎಲ್ಲಿದ್ದರು ಎಂದು ವಿಚಾರಿಸಿ 2004ರಲ್ಲಿ ವರದಿ ಮಾಡಿದ ಅಧ್ಯಯನವೊಂದಿದೆ. ವಾಹನ ಸಂಚಾರದ ನಡುವೆ ಇದ್ದ ಒಂದು ಗಂಟೆಯ ಬಳಿಕ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಇದರಲ್ಲಿ ಹೊಗೆಯ ಪಾಲೆಷ್ಟು, ಗದ್ದಲದ ಪಾಲೆಷ್ಟು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸಿಟ್ಟಿನ ಪಾಲೆಷ್ಟು ಎಂದು ಆ ಅಧ್ಯಯನದಿಂದ ಬಿಡಿಸಿ ಹೇಳಲಾಗದು ಎಂಬುದು ನಿಜ. ಆದರೆ ಎಡಿನ್‌ಬರೊದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗದ್ದಲವೂ ಇರಲಿಲ್ಲ, ಸಿಗ್ನಲ್ಲೂ ಇರಲಿಲ್ಲ. ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಪುರುಷರು ಕೋಣೆಯೊಳಗೆ ಸೈಕಲ್ ತುಳಿಯುತ್ತ ಒಮ್ಮೆ ಶುದ್ಧ ಗಾಳಿಯನ್ನು, ಇನ್ನೊಮ್ಮೆ ತೆಳುವಾಗಿಸಿದ ಡೀಸೆಲ್ ಹೊಗೆಯನ್ನು ಉಸಿರಾಡಿದರು. ಹೊಗೆಯ ದಿನ ಅವರ ಇಸಿಜಿಯಲ್ಲಿ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂಬುದರ ಗುರುತು ಹೆಚ್ಚು ಎದ್ದು ಕಂಡಿತು. ಹೆಪ್ಪನ್ನು ಕರಗಿಸಲು ದೇಹವೇ ಬಿಡುಗಡೆ ಮಾಡುವ ರಾಸಾಯನಿಕವೂ ಕುಗ್ಗಿತು. ಆ ಹೊಗೆಯ ಸಾಂದ್ರತೆ ವಾಹನ ದಟ್ಟಣೆಯ ರಸ್ತೆಗಳಲ್ಲಿ ಕಾಣಬಹುದಾದಷ್ಟೇ ಇತ್ತು.

ಇನ್ನು ದೀರ್ಘಕಾಲದ ಮಾತು. ಅಮೆರಿಕದ ಆರು ನಗರಗಳ 8,111 ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿ 1993ರಲ್ಲಿ ಪ್ರಕಟಿಸಿದ ಹಾರ್ವರ್ಡ್ ಅಧ್ಯಯನ ಈ ಕ್ಷೇತ್ರದ ತಳಪಾಯ. ಧೂಮಪಾನ ಮೊದಲಾದ ಕಾರಣಗಳನ್ನು ಕಳೆದ ಮೇಲೆಯೂ, ಅತಿ ಕಲುಷಿತವಾಗಿದ್ದ ಉಕ್ಕಿನ ಊರು ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತಿ ಸ್ವಚ್ಛವಾಗಿದ್ದ ಪೋರ್ಟೇಜ್‌ಗಿಂತ ಶೇ 26ರಷ್ಟು ಹೆಚ್ಚಿತ್ತು. ಆ ‘ಅತಿ ಕಲುಷಿತ’ ಊರಿನ ಪಿಎಂ 2.5 ಎಷ್ಟಿತ್ತು ಎಂದು ನೋಡಿದರೆ ಘನ ಮೀಟರಿಗೆ ಸರಾಸರಿ 30 ಮೈಕ್ರೊಗ್ರಾಂನ ಹತ್ತಿರ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ವಾರ್ಷಿಕ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಜಗತ್ತಿಗೆ ಎಚ್ಚರಿಕೆಯ ಉದಾಹರಣೆಯಾಗಿದ್ದ ಊರಿನ ಗಾಳಿಯನ್ನೇ ನಾವು ಉಸಿರಾಡುತ್ತಿದ್ದೇವೆ, ಅದನ್ನು ಉದ್ಯಾನನಗರಿಯ ಗಾಳಿ ಎಂದು ಹೊಗಳುತ್ತಲೂ ಇದ್ದೇವೆ.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ ನಮ್ಮದೇ ಲೆಕ್ಕ ಈಗ ಸಿಕ್ಕಿದೆ. ಬೆಂಗಳೂರು ಸೇರಿದಂತೆ ಭಾರತದ ಹತ್ತು ನಗರಗಳಲ್ಲಿ 2008ರಿಂದ 2019ರವರೆಗಿನ ದೈನಂದಿನ ಸಾವುಗಳನ್ನು ಆಯಾ ದಿನದ ಗಾಳಿಯೊಂದಿಗೆ ಹೋಲಿಸಿದ ಅಧ್ಯಯನ 2024ರ ಜುಲೈನಲ್ಲಿ ಲ್ಯಾನ್ಸೆಟ್ ಸಮೂಹದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಹೃದಯಕ್ಕೆ ಸೀಮಿತವಲ್ಲ, ಎಲ್ಲ ಕಾರಣಗಳ ಸಾವನ್ನೂ ಲೆಕ್ಕ ಹಾಕಿದೆ ಎಂಬುದನ್ನು ಮೊದಲೇ ಹೇಳಬೇಕು. ಪಿಎಂ 2.5 ಹತ್ತು ಮೈಕ್ರೊಗ್ರಾಂನಷ್ಟು ಏರಿದಾಗ ಹತ್ತು ನಗರಗಳಲ್ಲಿ ಒಟ್ಟಾರೆ ಸಾವು ಶೇ 1.42ರಷ್ಟು ಹೆಚ್ಚಿದರೆ, ದೆಹಲಿಯಲ್ಲಿ ಹೆಚ್ಚಳ ಕೇವಲ ಶೇ 0.31, ಬೆಂಗಳೂರಿನಲ್ಲಿ ಶೇ 3.06. ತಪ್ಪಾಗಿ ಅಚ್ಚಾಗಿದೆಯೇನೋ ಎಂದು ಅನುಮಾನ ಹುಟ್ಟಿಸುವ ಅಂಕಿ ಇದು, ಆದರೆ ಇದರ ಹಿಂದೆ ತರ್ಕವಿದೆ. ಹೊಗೆ ಮತ್ತು ಸಾವಿನ ನಡುವಿನ ಏರಿಕೆಯ ಗೆರೆ ಕೆಳಮಟ್ಟದಲ್ಲಿ ಕಡಿದಾಗಿರುತ್ತದೆ, ಮೇಲೆ ಹೋದಂತೆ ಚಪ್ಪಟೆಯಾಗುತ್ತದೆ. ದೆಹಲಿಯವರು ಆಗಲೇ ಬೆಟ್ಟದ ನೆತ್ತಿಯಲ್ಲಿದ್ದಾರೆ, ನಾವು ಏರು ಹಾದಿಯಲ್ಲಿದ್ದೇವೆ. ಇಲ್ಲಿ ಹತ್ತು ಮೈಕ್ರೊಗ್ರಾಂ ಕೂಡಿದರೆ ಆಗುವ ಹಾನಿಯೂ ಹೆಚ್ಚು, ಹತ್ತು ಕಳೆದರೆ ಆಗುವ ಲಾಭವೂ ಹೆಚ್ಚು. ಈ ಅಧ್ಯಯನದ ಪ್ರಕಾರ ಅಲ್ಪಾವಧಿಯ ಮಾಲಿನ್ಯದಿಂದಲೇ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 2,100 ಸಾವುಗಳು ಸಂಭವಿಸುತ್ತವೆ.

ಹೀಗಿರುವಾಗ ಜನರಿಗೆ ನಾವು ತೋರಿಸುವ ಅಳತೆಗೋಲು ಯಾವುದು? ದಿನದ ಸರಾಸರಿ ಪಿಎಂ 2.5 ಹದಿನೈದು ಮೈಕ್ರೊಗ್ರಾಂ ಮೀರಬಾರದು, ವರ್ಷದ ಸರಾಸರಿ ಐದನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಾನದಂಡ 2009ರಿಂದ ಬದಲಾಗಿಲ್ಲ; ದಿನಕ್ಕೆ 60, ವರ್ಷಕ್ಕೆ 40. ನಮ್ಮ ಸೂಚ್ಯಂಕದ ಪ್ರಕಾರ ಪಿಎಂ 2.5 ಮೂವತ್ತರವರೆಗೆ ಇದ್ದರೆ ಉತ್ತಮ, ಅರವತ್ತರವರೆಗೆ ಇದ್ದರೆ ತೃಪ್ತಿಕರ. ಅದೇ ಅರವತ್ತು ಅಮೆರಿಕದ ಸೂಚ್ಯಂಕದಲ್ಲಿ ಎಲ್ಲರಿಗೂ ಅನಾರೋಗ್ಯಕರ ಎಂಬ ಕೆಂಪು ಪಟ್ಟಿಗೆ ಸೇರುತ್ತದೆ. ಬಡ ದೇಶ ಏಕಾಏಕಿ ಐದಕ್ಕೆ ಇಳಿಯಲಾರದು ಎಂಬುದನ್ನು ಒಪ್ಪಬಹುದು. ಗುರಿಯನ್ನು ಹಂತಹಂತವಾಗಿ ಇಡುವುದು ತಪ್ಪಲ್ಲ. ಆದರೆ ಆಡಳಿತದ ಅನುಕೂಲಕ್ಕೆ ಹಾಕಿಕೊಂಡ ಗೆರೆಯನ್ನು ಹಸಿರು ಬಣ್ಣ ಬಳಿದು ಹೃದ್ರೋಗಿಗೆ ತೋರಿಸುವುದು ಸರಿಯಲ್ಲ. ಮೇಲಾಗಿ ಈ ಸೂಚ್ಯಂಕ 24 ಗಂಟೆಗಳ ಸರಾಸರಿಯ ಮೇಲೆ ನಿಂತಿದೆ. ಚಳಿಗಾಲದ ಬೆಳಿಗ್ಗೆ ನೆಲಕ್ಕೆ ಅಂಟಿಕೊಂಡ ತಣ್ಣನೆಯ ಗಾಳಿಯಲ್ಲಿ ಹೊಗೆ ಮೇಲೇರದೆ ಕಟ್ಟಿಕೊಳ್ಳುವ ಎರಡು ಮೂರು ತಾಸು ಆ ಸರಾಸರಿಯಲ್ಲಿ ಕರಗಿಹೋಗುತ್ತವೆ. ಹೃದಯಾಘಾತಗಳೂ ಬೆಳಗಿನ ಹೊತ್ತಿನಲ್ಲೇ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದಲೂ ಗೊತ್ತಿರುವ ವಿಷಯ.

ನನ್ನ ಭಾವಮೈದುನ ಹೊರವರ್ತುಲ ರಸ್ತೆಯ ಬಸ್ ನಿಲ್ದಾಣವೊಂದರ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಕೌಂಟರಿನ ಗಾಜು ಒರೆಸುತ್ತಾನೆ, ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲು ಮತ್ತೊಮ್ಮೆ ಒರೆಸುತ್ತಾನೆ; ಎರಡು ಸಲವೂ ಬಟ್ಟೆಗೆ ಹತ್ತುವುದು ಕೆಮ್ಮಣ್ಣಿನ ಧೂಳಲ್ಲ, ಎಣ್ಣೆಜಿಡ್ಡಿನ ಕಪ್ಪು ಮಸಿ. ಎಳೆ ವಯಸ್ಸಿಗೇ ಅವನಿಗೆ ಸ್ಟೆಂಟ್ ಹಾಕಬೇಕಾಗಿ ಬಂತು. ಬೀಡಿ ಸಿಗರೇಟು ಮುಟ್ಟಿದವನಲ್ಲ, ಸಕ್ಕರೆ ಕಾಯಿಲೆ ಇಲ್ಲ. ಅವನ ಕಾಯಿಲೆಗೆ ರಸ್ತೆಯ ಹೊಗೆಯೇ ಕಾರಣ ಎಂದು ನಾನು ಹೇಳಲಾರೆ, ಒಬ್ಬ ರೋಗಿಯ ವಿಷಯದಲ್ಲಿ ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲ. ನನ್ನ ತಕರಾರು ಬೇರೆ. ಆಸ್ಪತ್ರೆಯಲ್ಲಿ ಅವನ ಕಡತ ತುಂಬಿಸಿದವರು ಉಪ್ಪು, ಎಣ್ಣೆ, ಕುಡಿತ, ಮನೆತನದ ಕಾಯಿಲೆ, ನಿದ್ದೆ, ಟೆನ್ಷನ್ ಎಲ್ಲವನ್ನೂ ಕೇಳಿ ಬರೆದುಕೊಂಡರು. ದಿನಕ್ಕೆ ಎಷ್ಟು ತಾಸು ಎಂಥ ಗಾಳಿಯಲ್ಲಿ ಕೂರುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಡಿಸ್ಚಾರ್ಜ್ ಆಗುವಾಗ, ‘ದಿನಾ ಮುಕ್ಕಾಲು ಗಂಟೆ ವಾಕ್ ಮಾಡಿ’ ಎಂದರು. ಅವನು ಶ್ರದ್ಧೆಯಿಂದ ಅದೇ ವರ್ತುಲ ರಸ್ತೆಯ ಫುಟ್‌ಪಾತಿನಲ್ಲಿ ನಡೆಯತೊಡಗಿದ. ಕಣಮಾಲಿನ್ಯ ಹೃದ್ರೋಗಕ್ಕೆ ಕಾರಣವಾಗುತ್ತದೆ, ತಗ್ಗಿಸಬಹುದಾದ ಕಾರಣವೂ ಹೌದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲೇ ಸ್ಪಷ್ಟವಾಗಿ ಬರೆದಿರುವಾಗ, ನಮ್ಮ ಹೊರರೋಗಿ ವಿಭಾಗಗಳ ನಮೂನೆಯಲ್ಲಿ ಇದಕ್ಕೆ ಒಂದು ಸಾಲಿನ ಜಾಗವಾದರೂ ಇರಬೇಕಿತ್ತು.

ನಡಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅರವತ್ತು ದಾಟಿದವರನ್ನು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಮ್ಮೆ, ಬಸ್ಸು ಟ್ಯಾಕ್ಸಿಗಳು ತುಂಬಿದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಒಮ್ಮೆ ಎರಡೆರಡು ಗಂಟೆ ನಡೆಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಉದ್ಯಾನದಲ್ಲಿ ನಡೆದಾಗ ರಕ್ತನಾಳಗಳ ಬಿಗಿತ ಸಡಿಲಗೊಂಡು ಸಿಕ್ಕ ಲಾಭ, ರಸ್ತೆಯಲ್ಲಿ ನಡೆದಾಗ ಬಹುಪಾಲು ಇಲ್ಲವಾಯಿತು. ಹಾಗೆಂದು ನಡೆಯುವುದನ್ನೇ ಬಿಡುವುದು ಮೂರ್ಖತನ. ಬಿಸಿಲು ಏರಿದ ಮೇಲೆ, ದೊಡ್ಡ ರಸ್ತೆಯಿಂದ ನಾಲ್ಕು ಅಡ್ಡರಸ್ತೆ ಒಳಗೆ ನಡೆದರೆ ಎಷ್ಟೋ ಮೇಲು. ಕರವಸ್ತ್ರ, ದುಪಟ್ಟಾ, ಬಟ್ಟೆಯ ಮಾಸ್ಕುಗಳು ಈ ಕಣಗಳ ಮುಂದೆ ಹೆಚ್ಚೇನೂ ಕೆಲಸ ಮಾಡವು ಎಂಬುದನ್ನು ಸಂಚಾರ ಪೊಲೀಸರಿಗೂ ಡೆಲಿವರಿ ಹುಡುಗರಿಗೂ ಯಾರಾದರೂ ಹೇಳಬೇಕು.

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವನ್ನೇ ಕಂಗೆಡಿಸಿದ್ದು ಓದುಗರಿಗೆ ನೆನಪಿರಬಹುದು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ನಸುಕಿನಲ್ಲೇ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ನೀಡಿತು. ಆ ದಿನಗಳ ಚರ್ಚೆಯನ್ನೆಲ್ಲ ಕೋವಿಡ್ ಲಸಿಕೆಯ ವಾಗ್ವಾದವೇ ನುಂಗಿಹಾಕಿತು. ಮೃತರಲ್ಲಿ ಆಟೊ, ಟ್ಯಾಕ್ಸಿ ಚಾಲಕರೂ ಇದ್ದರು. ದಿನವಿಡೀ ಬೇರೆ ವಾಹನಗಳ ಹೊಗೆ ಕೊಳವೆಯ ಹಿಂದೆ ಕೂರುವ ಈ ವೃತ್ತಿಯವರ ಹೃದಯದ ಸ್ಥಿತಿಯ ಬಗ್ಗೆ ಲಸಿಕೆಯಷ್ಟು ಬಿಸಿ ಚರ್ಚೆ ಆಗಬೇಕಾಗಿಯೇನೂ ಇರಲಿಲ್ಲ, ಅದರ ಹತ್ತರಲ್ಲಿ ಒಂದು ಪಾಲಾದರೂ ಆಗಬಹುದಿತ್ತು.

ಸಂಸತ್ತಿನಲ್ಲಿ ಈ ವಿಷಯ ಬಂದಾಗಲೆಲ್ಲ, ಮಾಲಿನ್ಯವೊಂದರಿಂದಲೇ ಸಾವು ಸಂಭವಿಸಿದೆ ಎನ್ನಲು ನಿರ್ಣಾಯಕ ಅಂಕಿಅಂಶ ಇಲ್ಲ ಎಂಬ ಉತ್ತರ ಕೇಂದ್ರ ಸರ್ಕಾರದಿಂದ ಬರುತ್ತದೆ. ಹಾಗೆ ನೋಡಿದರೆ ತಂಬಾಕಿನಿಂದಲೂ ಯಾರೂ ಸಾಯುವುದಿಲ್ಲ, ಉಪ್ಪಿನಿಂದಲೂ ಸಾಯುವುದಿಲ್ಲ. ಮರಣ ಪ್ರಮಾಣಪತ್ರದಲ್ಲಿ ಬರೆಯುವುದು ಹೃದಯ ಸ್ತಂಭನ ಎಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಪಾಲ್ಗೊಂಡಿದ್ದ, 2020ರ ಕೊನೆಯಲ್ಲಿ ಪ್ರಕಟವಾದ ಅಂದಾಜಿನಂತೆ 2019ರಲ್ಲಿ ದೇಶದಲ್ಲಿ ವಾಯುಮಾಲಿನ್ಯದ ಲೆಕ್ಕಕ್ಕೆ ಸೇರುವ ಸಾವುಗಳು 16.7 ಲಕ್ಷ. ಇದನ್ನು ಅಂದಾಜು ಎಂದು ತಳ್ಳಿಹಾಕುವುದಾದರೆ ತಂಬಾಕಿನ ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರಕ್ಕೂ ಆಧಾರ ಉಳಿಯುವುದಿಲ್ಲ, ಏಕೆಂದರೆ ಎರಡರ ಹಿಂದಿರುವುದೂ ಒಂದೇ ಬಗೆಯ ವಿಜ್ಞಾನ.

ಹಣ ಎಲ್ಲಿ ಹೋಗುತ್ತಿದೆ ಎಂಬುದನ್ನೂ ನೋಡಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. ನಗರಗಳ ಸಾಧನೆಯನ್ನು ಅಳೆಯುವುದು ಮುಖ್ಯವಾಗಿ ಪಿಎಂ 10, ಅಂದರೆ ದಪ್ಪ ಕಣಗಳ ಲೆಕ್ಕದಲ್ಲಿ. ಹೀಗಾಗಿ ಹಣದ ದೊಡ್ಡ ಪಾಲು ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ವಾಹನ, ಫುಟ್‌ಪಾತ್ ಕಾಮಗಾರಿಗಳಿಗೆ ಹರಿದಿದೆ. ಧೂಳು ಕಡಿಮೆಯಾಗುವುದು ಒಳ್ಳೆಯದೇ. ಆದರೆ ಹೃದಯದವರೆಗೆ ಹೋಗುವ ಕಣ ಹೆಚ್ಚಾಗಿ ಹುಟ್ಟುವುದು ಉರಿಯುವುದರಿಂದ: ಡೀಸೆಲ್ ಎಂಜಿನ್, ಜನರೇಟರ್, ಕಸಕ್ಕೆ ಇಟ್ಟ ಬೆಂಕಿ, ಕಾರ್ಖಾನೆಯ ಬಾಯ್ಲರ್, ಸೌದೆ ಒಲೆ. ನೀರು ಚಿಮುಕಿಸಿ ಇವನ್ನು ತಡೆಯಲಾಗದು. ಬಯಲಿನಲ್ಲಿ ಕಸ ಸುಟ್ಟರೆ ಐದು ಸಾವಿರದಿಂದ ಇಪ್ಪತ್ತೈದು ಸಾವಿರ ರೂಪಾಯಿವರೆಗೆ ದಂಡ ಹಾಕಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಇಂದಿಗೂ ಒಣಗಿದ ಎಲೆಯ ರಾಶಿಗೆ ಪ್ಲಾಸ್ಟಿಕ್ ಸಮೇತ ಬೆಂಕಿ ಹಚ್ಚುವುದನ್ನು ಬೆಳಗಿನ ಹೊತ್ತು ಯಾವ ಬಡಾವಣೆಯಲ್ಲಾದರೂ ನೋಡಬಹುದು. ಹೊಗೆ ತಪಾಸಣೆ ಕೇಂದ್ರಗಳು ಪೆಟ್ರೋಲ್ ವಾಹನಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್ನನ್ನೂ, ಡೀಸೆಲ್ ವಾಹನಗಳಲ್ಲಿ ಹೊಗೆಯ ದಟ್ಟತನವನ್ನೂ ಅಳೆಯುತ್ತವೆ, ಪಿಎಂ 2.5 ಅಳೆಯುವುದೇ ಇಲ್ಲ. ಬೆಂಗಳೂರಿನಲ್ಲಿ 2025ರಲ್ಲಿ ರಚನೆಯಾದ ಐದು ನಗರ ಪಾಲಿಕೆಗಳು ಈ ಹಳೆಯ ಪದ್ಧತಿಯನ್ನೇ ಐದು ಪಾಲು ಮಾಡಿಕೊಳ್ಳದಿರಲಿ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿರುವಾಗ, 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿ ಜನರನ್ನು ಮತ್ತೆ ಸ್ಕೂಟರಿಗೆ ಅಟ್ಟಿದ್ದು ಸಾರಿಗೆಯ ಲೆಕ್ಕದಲ್ಲಿ ಎಷ್ಟು ಸರಿಯೋ ತಿಳಿಯದು, ಆರೋಗ್ಯದ ಲೆಕ್ಕದಲ್ಲಂತೂ ಸರಿಯಲ್ಲ. ದರ ಪರಿಷ್ಕರಣೆಯ ಸಮಿತಿಯಲ್ಲಿ ಆರೋಗ್ಯ ಇಲಾಖೆಯ ಪ್ರತಿನಿಧಿಯೊಬ್ಬರು ಕೂರಬೇಕೆಂದರೆ ನಗುವವರಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಹಳ್ಳಿಗಳವರು ಇದು ಬೆಂಗಳೂರಿನ ಸಮಸ್ಯೆ ಎಂದುಕೊಳ್ಳಬಾರದು. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲಿನ ಹಂಡೆಯ ಕೆಳಗೆ ಇಂದಿಗೂ ಸೌದೆ, ತೆಂಗಿನ ಗರಿ, ಅಡಿಕೆ ಸಿಪ್ಪೆ ಉರಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಸೌದೆಗೆ ಊದುಗೊಳವೆ ಹಿಡಿದು ಕೂತ ಹೆಂಗಸಿನ ಮುಖದ ಮುಂದಿನ ಗಾಳಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಾಳಿಗಿಂತ ಎಷ್ಟೋ ಕೆಟ್ಟದ್ದು, ಆ ಹೊಗೆಯೂ ಹೃದಯಕ್ಕೆ ಇದೇ ದಾರಿಯಲ್ಲಿ ಹೋಗುತ್ತದೆ. ಧೂಮಪಾನ ಮಾಡದ ಮಹಿಳೆಗೆ ಹೃದ್ರೋಗ ಬಂದಾಗ ನಮ್ಮವರು ಹಣೆಬರಹ ಎನ್ನುತ್ತಾರೆ, ಬಚ್ಚಲಿನ ಒಲೆಯ ಕಡೆ ಕಣ್ಣು ಹಾಯಿಸುವುದಿಲ್ಲ.

ಕೊನೆಯದಾಗಿ ಸರ್ಕಾರಕ್ಕೆ ಒಂದು ಸಲಹೆ, ಇದಕ್ಕೆ ಹೊಸ ಯಂತ್ರವಾಗಲಿ ದೊಡ್ಡ ಅನುದಾನವಾಗಲಿ ಬೇಡ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಎದೆನೋವೆಂದು ಬಂದವರ ಇಸಿಜಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದು, ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತಿದೆ. ಎಷ್ಟೋ ಜೀವ ಉಳಿಸಬಲ್ಲ ಒಳ್ಳೆಯ ಯೋಜನೆ ಇದು. ಆ ಪ್ರತಿ ಇಸಿಜಿಯ ಮೇಲೂ ದಿನ, ಗಂಟೆ, ಆಸ್ಪತ್ರೆಯ ಹೆಸರು ಇರುತ್ತದೆ. ಇತ್ತ ಹೆಬ್ಬಾಳ, ಪೀಣ್ಯ, ಜಯನಗರ, ಮೈಸೂರು ರಸ್ತೆ, ಸಿಲ್ಕ್ ಬೋರ್ಡ್ ಮುಂತಾದೆಡೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರಗಳು ಗಂಟೆಗಂಟೆಯ ಗಾಳಿಯನ್ನು ದಾಖಲಿಸುತ್ತಿವೆ. ಎರಡೂ ದಾಖಲೆಗಳು ಒಂದೇ ಸರ್ಕಾರದ ಎರಡು ಇಲಾಖೆಗಳಲ್ಲಿವೆ. ರೋಗಿಗಳ ಹೆಸರು ಅಳಿಸಿ ಇವೆರಡನ್ನೂ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಯ ಸಂಶೋಧಕರ ಕೈಗಿಟ್ಟರೆ ಯಾವ ಮಟ್ಟದ ಹೊಗೆಗೆ, ಎಷ್ಟು ತಾಸಿನ ನಂತರ, ನಗರದ ಯಾವ ಭಾಗದಿಂದ ಎದೆ ಹಿಡಿದುಕೊಂಡು ಬರುವವರು ಹೆಚ್ಚುತ್ತಾರೆ ಎಂಬುದನ್ನು ನಮ್ಮದೇ ಅಂಕಿಅಂಶಗಳಿಂದ ತಿಳಿಯಬಹುದು. ಆರೋಗ್ಯ ಇಲಾಖೆಯೂ ಪರಿಸರ ಇಲಾಖೆಯೂ ಒಂದು ಜಂಟಿ ಆದೇಶ ಹೊರಡಿಸಿದರೆ ಬರುವ ಚಳಿಗಾಲಕ್ಕೆ ಮುಂಚೆಯೇ ಈ ಕೆಲಸ ಶುರುವಾಗಬಹುದು. ಫಲಿತಾಂಶವನ್ನು ಮಾತ್ರ ಕಡತದಲ್ಲಿ ಇಟ್ಟುಕೊಳ್ಳದೆ ಪ್ರತಿ ತಿಂಗಳೂ ಸಾರ್ವಜನಿಕರ ಮುಂದಿಡಬೇಕು.

ಇತಿ ತಮ್ಮ ವಿಶ್ವಾಸಿ,
ಓದುಗ, ನಾಗರಬಾವಿ, ಬೆಂಗಳೂರು